ಬೆಲ್ಲದ ವರ್ತಕರಿಗೆ ಸ್ವಾಹಿಲಿ: ಅಂತರ್ಜಾಲದಲ್ಲಿ ದೊರೆಯುವ ಕಲಿಕೆಯ ನೆರವು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ವರ್ತಕರಿಗೆ ಆಫ್ರಿಕಾದ ಭಾಷೆಗಳಿಂದ ಆಗಬೇಕಾದುದೇನು ಎಂಬ ಪ್ರಶ್ನೆ ಸಹಜವೇ. ಪಾಂಡವಪುರದ ನನ್ನ ಪರಿಚಿತ ಬೆಲ್ಲದ ವರ್ತಕರೊಬ್ಬರಿಗೆ ಇದರ ಉತ್ತರ ನಷ್ಟದ ರೂಪದಲ್ಲಿ ದೊರೆಯಿತು. ಮೊಂಬಾಸಾದ ಖರೀದಿದಾರರು ‘ಸಾ ನಾನೆ’ಗೆ ದೂರವಾಣಿ ಕರೆ ಮಾಡುವಂತೆ ಬರೆದಿದ್ದರು. ಅಂತರ್ಜಾಲದ ನಿಘಂಟಿನಲ್ಲಿ ‘ನಾನೆ’ ಎಂದರೆ ಎಂಟು. ಕೀನ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ ಎಂಬುದು ಇವರಿಗೆ ಗೊತ್ತಿತ್ತು. ಅದರಂತೆ ಲೆಕ್ಕ ಹಾಕಿ ರಾತ್ರಿ ಹತ್ತೂವರೆಗೆ ಕರೆ ಮಾಡಿದರು. ಖರೀದಿದಾರರು ಕಾದಿದ್ದುದು ನಮ್ಮ ಸಂಜೆ ನಾಲ್ಕೂವರೆಗೆ. ಅಷ್ಟರಲ್ಲಿ ಬೇಡಿಕೆ ಬೇರೆಯವರ ಪಾಲಾಗಿತ್ತು.

ಸ್ವಾಹಿಲಿಯಲ್ಲಿ ಗಂಟೆಗಳ ಎಣಿಕೆ ಬೆಳಗಿನ ಆರರಿಂದ ಆರಂಭವಾಗುತ್ತದೆ. ನಮ್ಮ ಏಳು ಗಂಟೆ ಅಲ್ಲಿ ‘ಸಾ ಮೋಜಾ’, ಅಂದರೆ ಒಂದು ಗಂಟೆ. ಮಧ್ಯಾಹ್ನದ ಎರಡು ಗಂಟೆಯೇ ‘ಸಾ ನಾನೆ’. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿಯೂ ಇದೇ ಕ್ರಮವುಂಟು. ನಿಘಂಟು ತಪ್ಪು ಹೇಳಲಿಲ್ಲ. ಬಳಕೆಯನ್ನು ಹೇಳಲಿಲ್ಲ, ಅಷ್ಟೆ.

ಯಂತ್ರಾನುವಾದವೂ ಈ ಕೊರತೆಯನ್ನು ತುಂಬದು. ಗೂಗಲ್ ಅನುವಾದ ಸೇವೆಗೆ ಸ್ವಾಹಿಲಿ 2009ರಲ್ಲಿ, ಕನ್ನಡ 2011ರಲ್ಲಿ ಸೇರಿದವು. ಆದರೆ ಇಂತಹ ಎರಡು ಭಾಷೆಗಳ ನಡುವೆ ಇಂಗ್ಲಿಷ್ ಸೇತುವೆಯಾದಾಗ ಸರಕು ಅದಲುಬದಲಾಗುವ ಅಪಾಯವಿದೆ. ನಾವು ಭತ್ತ, ಅಕ್ಕಿ, ಅನ್ನ ಎಂದು ಬೇರೆ ಬೇರೆ ಹೇಳುತ್ತೇವೆ. ಸ್ವಾಹಿಲಿಗರೂ ‘ಮ್ಪುಂಗಾ’, ‘ಮ್ಚೇಲೆ’, ‘ವಾಲಿ’ ಎನ್ನುತ್ತಾರೆ. ಈ ಮೂರಕ್ಕೂ ಇಂಗ್ಲಿಷಿನವರಿಗೆ ಸಾಮಾನ್ಯವಾಗಿ ‘ರೈಸ್’ ಒಂದೇ ಸಾಕು! ದರಪಟ್ಟಿ ಕಳುಹಿಸುವವರು ಈ ಮೂರು ಪದಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಲೇಸು.

ಕ್ರಮಬದ್ಧವಾಗಿ ಕಲಿಯಬಯಸುವವರಿಗೆ ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಯು ತನ್ನ ರಾಜತಾಂತ್ರಿಕರಿಗಾಗಿ ಸಿದ್ಧಪಡಿಸಿದ ಪಾಠಗಳು ಉಪಯುಕ್ತ. ಸ್ವಾಹಿಲಿ, ಅಮ್ಹಾರಿಕ್, ಹೌಸಾ, ಯೊರುಬಾ ಮೊದಲಾದ ಭಾಷೆಗಳ ಪುಸ್ತಕಗಳೂ ಧ್ವನಿಮುದ್ರಿಕೆಗಳೂ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಅವು ಹಳೆಯವು, ಸಂಭಾಷಣೆಗಳು ಶುಷ್ಕ. ಆದರೂ ನನ್ನ ಮೊದಲ ಆಯ್ಕೆ ಅವೇ. ಡ್ಯುಯೊಲಿಂಗೊದಲ್ಲಿ 2017ರಿಂದ ಸ್ವಾಹಿಲಿ ಇದೆ. ದಿನವೂ ಹತ್ತು ನಿಮಿಷದ ಅಭ್ಯಾಸಕ್ಕೆ ಅದು ಸಾಕು, ವ್ಯವಹಾರಕ್ಕೆ ಸಾಲದು. ಕಿವಿ ಪಳಗಲು ಬಿಬಿಸಿಯ ಸ್ವಾಹಿಲಿ ವಾರ್ತೆಗಳನ್ನು ಆಲಿಸಬಹುದು. ಆ ಸೇವೆ 1957ರಲ್ಲಿ ಆರಂಭವಾಯಿತು. ಇವುಗಳ ವಿವರಣೆಗೆ ಇಂಗ್ಲಿಷನ್ನೇ ಅವಲಂಬಿಸಬೇಕಾಗಿರುವುದು ನಮ್ಮವರಿಗೆ ತೊಡಕೇ ಸರಿ.

ಭಾಷೆ ಮಾತ್ರ ನಾವು ಅಂಜುವಷ್ಟು ಅಪರಿಚಿತವಲ್ಲ. ಬರವಣಿಗೆ ರೋಮನ್ ಲಿಪಿಯಲ್ಲಿದೆ, ಬರೆದಂತೆಯೇ ಓದಬಹುದು. ನಾವು ಬ್ಯಾಂಕು, ಬಸ್ಸು ಎಂದು ಕೊನೆಗೆ ಸ್ವರ ಸೇರಿಸುವಂತೆ ಅವರು ‘ಬೆಂಕಿ’, ‘ಬಾಸಿ’ ಎನ್ನುತ್ತಾರೆ. (ಬ್ಯಾಂಕನ್ನು ‘ಬೆಂಕಿ’ ಎಂದಾಗ ನಗು ತಡೆದುಕೊಳ್ಳಬೇಕು.) ಅಂಗಡಿ ‘ದುಕಾ’, ಲೆಕ್ಕ ‘ಹೆಸಾಬು’, ಲಕ್ಷ ‘ಲಾಕಿ’, ಸಕ್ಕರೆ ‘ಸುಕಾರಿ’. ನಮ್ಮ ಆಲೆಮನೆಗಳ ಬೆಲ್ಲವು ಅಲ್ಲಿ ‘ಸುಕಾರಿ ಗುರು’. ಬೆಲೆ ಕೇಳಲು ‘ಬೇಯಿ ಗಾನಿ?’ ಎಂದರಾಯಿತು.

ರಾಗಿಗೆ ಕೀನ್ಯಾದಲ್ಲಿ ‘ವಿಂಬಿ’, ತಾಂಜಾನಿಯಾದಲ್ಲಿ ‘ಉಲೇಜಿ’ ಎಂಬ ಹೆಸರುಗಳಿವೆ. ರಾಗಿಯ ಮೂಲವೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಹಾಗೂ ಆಫ್ರಿಕಾದ ರಾಗಿಗಳನ್ನು ಕೂಡಿಸಿ ರೂಪಿಸಿದ ತಳಿಗಳಿಗೆ ‘ಇಂಡಾಫ್’ ಎಂಬ ಹೆಸರು ಬಂದುದು ಈ ಎರಡು ನಾಡುಗಳ ಹೆಸರಿನಿಂದಲೇ. ನಮ್ಮ ರೈತರು ಹೊಲದಲ್ಲಿ ಎಂದೋ ಬೆಸೆದ ನಂಟಿಗೆ ವರ್ತಕರು ತಡವಾಗಿ ಮಾತು ಹುಡುಕುತ್ತಿದ್ದಾರೆ.

ಪಾಂಡವಪುರದ ಆ ವರ್ತಕರು ಪಾಠಗಳನ್ನು ಆರಂಭಿಸಿದ್ದಾರೆ. ಈಗ ಅವರು ಬರೆಯುವ ಪ್ರತಿಯೊಂದು ಪತ್ರದಲ್ಲಿಯೂ ಕರೆಯ ವೇಳೆಯನ್ನು ಎರಡು ಸಾಲುಗಳಲ್ಲಿ ನಮೂದಿಸಿರುತ್ತಾರೆ: ಮೊದಲು ‘ಸಾ ನಾನೆ’, ಅದರ ಕೆಳಗೆ ಭಾರತೀಯ ಕಾಲಮಾನ ಸಂಜೆ 4.30.