ಕಲ್ನಾರಿನ ಶೀಟು ಮತ್ತು 40 ವರ್ಷದ ಲೆಕ್ಕ

ಮಕ್ಕಳೇ, ವಯನಾಡಿನ ಮಳೆಗೆ ಎಷ್ಟೋ ಮನೆ, ಕೊಟ್ಟಿಗೆಗಳ ಮೇಲೆ ಬೂದು ಬಣ್ಣದ, ಅಲೆಅಲೆಯಾದ ಶೀಟು ಹೊದಿಸಿರುವುದನ್ನು ನೋಡಿದ್ದೀರಿ. ಸಿಮೆಂಟಿಗೆ ಆಸ್ಬೆಸ್ಟಾಸ್ ಎಂಬ ಖನಿಜ ಬೆರೆಸಿ ಇದನ್ನು ಮಾಡುತ್ತಾರೆ. ಕನ್ನಡದಲ್ಲಿ ಇದಕ್ಕೆ ‘ಕಲ್ನಾರು’ ಅಂತಾರೆ. ಕಲ್ಲೂ ಹೌದು, ನಾರೂ ಹೌದು!

ಶೀಟು ಗಟ್ಟಿಯಾಗಿರುವಾಗ ನಾರು ಸಿಮೆಂಟಿನೊಳಗೇ ಇರುತ್ತದೆ. ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಉಸಿರಿನ ಜೊತೆ ಒಳಹೋದ ಎಷ್ಟೋ ಎಳೆಗಳನ್ನು ದೇಹ ಹೊರಹಾಕಲಾರದು. ಶ್ವಾಸಕೋಶದಲ್ಲಿ ಕಲೆಗಟ್ಟಿ ಉಸಿರಾಟ ಕಷ್ಟವಾಗುವ ರೋಗವೇ ಆಸ್ಬೆಸ್ಟೋಸಿಸ್. ಕ್ಯಾನ್ಸರ್ ಕೂಡ ಬರಬಹುದು. ರೋಗ ಕಾಣಿಸಲು 20ರಿಂದ 40 ವರ್ಷವೇ ಹಿಡಿಯಬಹುದು.

ಅಷ್ಟು ವರ್ಷದ ಮೇಲೆ, ಆ ಕೆಲಸದಿಂದಲೇ ರೋಗ ಬಂತು ಅಂತ ತೋರಿಸೋದು ಹೇಗೆ? 1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಹೀಗೆ ಆದೇಶಿಸಿತು: ಆಸ್ಬೆಸ್ಟಾಸ್ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಬರುತ್ತದೋ ಅಲ್ಲಿಯವರೆಗೆ ಇಡಬೇಕು. ರೋಗ ದೃಢಪಟ್ಟವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕು. 40 ಎಂಬ ಅಂಕಿ ಎಲ್ಲಿಂದ ಬಂತು, ಈಗ ನೀವೇ ಹೇಳಬಲ್ಲಿರಿ.

ಆದರೆ ಊರೂರಿಗೆ ಹೋಗಿ ಶೀಟು ಹೊದಿಸುವವರ ಲೆಕ್ಕವನ್ನು ಸಾಮಾನ್ಯವಾಗಿ ಯಾರೂ ಇಡುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಯಾವ ವರ್ಷ ಎಲ್ಲಿ ಕೆಲಸ ಮಾಡಿದರು ಅಂತ ಕೇಳಿ ಬರೆದಿಡಿ. ವೈದ್ಯರಿಗೂ ಅದನ್ನು ತೋರಿಸಲಿ.

ನೆನಪಿಡಿ: ಒಡೆದ ಶೀಟಿನ ಚೂರಿನಲ್ಲಿ ಆಡಬೇಡಿ. ಅದರ ಪುಡಿಯನ್ನು ಒಣಗಿದ್ದಾಗ ಗುಡಿಸಬಾರದು.