ಅಪಾಚಿಯಲ್ಲಿ ಎಸ್‌ಎಸ್‌ಎಲ್ ಮಾಡ್ಯೂಲ್ ಕಾಣದಿದ್ದಾಗ

‘ಎಸ್‌ಎಸ್‌ಎಲ್‌ಎಂಜಿನ್’ ಎಂಬ ಆದೇಶವೇ ಗೊತ್ತಿಲ್ಲವೆಂದು ಹೇಳಿ ಅಪಾಚಿ ಸರ್ವರ್ ನಿಂತುಬಿಟ್ಟರೆ, ತೊಂದರೆ ಸಾಮಾನ್ಯವಾಗಿ ಪ್ರಮಾಣಪತ್ರದಲ್ಲಿ ಇರುವುದಿಲ್ಲ. ಎನ್‌ಕ್ರಿಪ್ಶನ್ ನಡೆಸುವ ‘ಮಾಡ್_ಎಸ್‌ಎಸ್‌ಎಲ್’ ಮಾಡ್ಯೂಲ್ ಲೋಡ್ ಆಗಿರುವುದಿಲ್ಲ. ಕಾನ್ಫಿಗರೇಶನ್ ಕಡತದಿಂದ ‘ಎಸ್‌ಎಸ್‌ಎಲ್‌ಎಂಜಿನ್’ ಸಾಲನ್ನೇ ಅಳಿಸುವ ಆತುರ ಬೇಡ. ಸರ್ವರ್ ಎದ್ದೀತು, ಆದರೆ ಬಳಕೆದಾರರ ಪಾಸ್‌ವರ್ಡ್‌ಗಳಿಗೆ ರಕ್ಷಣೆಯೇ ಉಳಿಯದು.

ಉಬುಂಟು, ಡೆಬಿಯನ್‌ಗಳಲ್ಲಿ ಮಾಡ್ಯೂಲ್ ಅಪಾಚಿಯ ಜೊತೆಗೇ ಬಂದಿರುತ್ತದೆ. ‘ಎ2ಎನ್‌ಮಾಡ್ ಎಸ್‌ಎಸ್‌ಎಲ್’ ಆದೇಶ ಕೊಟ್ಟು ಸಕ್ರಿಯಗೊಳಿಸಿದರೆ ಸಾಕು. ರೆಡ್ ಹ್ಯಾಟ್, ರಾಕಿ, ಆಲ್ಮಾ ಲಿನಕ್ಸ್‌ಗಳಲ್ಲಿ ಅದು ಪ್ರತ್ಯೇಕ ಪ್ಯಾಕೇಜ್. ‘ಡಿಎನ್‌ಎಫ್’ ಮೂಲಕ ಹಾಕಿಕೊಳ್ಳಬೇಕು. ಬಳಿಕ ‘ಕಾನ್ಫಿಗ್‌ಟೆಸ್ಟ್’ ನಡೆಸಿ, ‘ಸಿಂಟ್ಯಾಕ್ಸ್ ಓಕೆ’ ಎಂಬ ಉತ್ತರ ಬಂದ ಮೇಲಷ್ಟೇ ಸರ್ವರನ್ನು ರೀಸ್ಟಾರ್ಟ್ ಮಾಡುವುದು ಕ್ಷೇಮ. ಒಂದೇ ಯಂತ್ರದಲ್ಲಿ ಹಲವು ತಾಣಗಳಿದ್ದರಂತೂ ಈ ಪರೀಕ್ಷೆಯನ್ನು ಬಿಡಲೇಬಾರದು. ಒಂದು ಸಾಲಿನ ತಪ್ಪಿಗೆ ಎಲ್ಲ ತಾಣಗಳೂ ನಿಲ್ಲುತ್ತವೆ. ಆಮೇಲೂ ಪುಟ ತೆರೆಯದಿದ್ದರೆ, ಫೈರ್‌ವಾಲ್‌ನಲ್ಲಿ 443ನೇ ಪೋರ್ಟ್ ತೆರೆದಿದೆಯೇ ಎಂದು ನೋಡಬೇಕು.