ದುಂಡು ಅಂಚಿನ ಕಪಾಟಿಗೆ ವೆನೀರ್ ಅಂಟಿಸುವ ಕ್ರಮ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ 1970ರಲ್ಲಿ ಸಿಡ್ಕೊ ಸಂಸ್ಥೆಯ ಸ್ಥಾಪನೆಯಾದ ನಂತರ ಬೆಳೆದ ನವಿ ಮುಂಬಯಿಗಳಲ್ಲಿ ಅನೇಕ ಕುಟುಂಬಗಳು ಚಿಕ್ಕ ಮನೆಗಳಲ್ಲಿ ವಾಸಿಸುತ್ತವೆ. ಇಕ್ಕಟ್ಟಾದ ಕೋಣೆಯಲ್ಲಿ ಕಪಾಟಿನ ಚೂಪು ಮೂಲೆಗಳು ಓಡಾಡುವ ಮಕ್ಕಳಿಗೆ ತಗಲುವುದುಂಟು. ಆದುದರಿಂದ ಅಂಚುಗಳನ್ನು ದುಂಡಾಗಿಸುವುದು ಹಿತಕರ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ವೆನೀರ್ ಮೊದಲು ಕಿತ್ತುಬರುವುದೂ ಇಂತಹ ಅಂಚುಗಳಲ್ಲಿಯೇ.

ಇದಕ್ಕೆ ಕಾರಣಗಳು ಎರಡು. ಬಾಗಿಸಿದ ವೆನೀರ್ ಸದಾ ತನ್ನ ಚಪ್ಪಟೆ ರೂಪಕ್ಕೆ ಮರಳಲು ಯತ್ನಿಸುತ್ತದೆ. ಗಾಳಿಯ ತೇವವನ್ನು ಹೀರಿದ ಮರವು ನಾರಿನ ಅಡ್ಡಕ್ಕೆ ಹಿಗ್ಗುತ್ತದೆ. ಇವೆರಡನ್ನೂ ಅಂಟು ತಡೆಹಿಡಿಯಬೇಕಾಗುತ್ತದೆ.

ಮರದ ನಾರು ಅಂಚಿನ ಉದ್ದಕ್ಕೆ ಸಾಗುವಂತೆ ಹಾಳೆಯನ್ನು ಕತ್ತರಿಸಿದರೆ ಅದು ಸುಲಭವಾಗಿ ಬಾಗುತ್ತದೆ. ನಾರು ಅಂಚನ್ನು ಸುತ್ತುವಂತಿದ್ದರೆ ಸೀಳುವ ಸಂಭವ ಹೆಚ್ಚು. ಮೊದಲು ಒಂದು ತುಂಡನ್ನು ಬಾಗಿಸಿ ಪರೀಕ್ಷಿಸಬೇಕು. ಸೀಳುವಂತಿದ್ದರೆ ಹಾಳೆಯನ್ನು ಬಿಸಿನೀರಿನಿಂದ ಲಘುವಾಗಿ ತೇವಗೊಳಿಸಿ, ಅದೇ ಬಾಗಿನ ಕೊಳವೆಗೆ ಸುತ್ತಿ ಕಟ್ಟಿ, ಸಂಪೂರ್ಣವಾಗಿ ಒಣಗಿದ ನಂತರವೇ ಅಂಟಿಸಬೇಕು.

ಹಲಗೆಯ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಧೂಳನ್ನು ಒರೆಸಬೇಕು. ಹಲಗೆಗೂ ವೆನೀರಿನ ಹಿಂಬದಿಗೂ ಬಿಳಿ ಅಂಟನ್ನು ತೆಳುವಾಗಿ, ಸಮನಾಗಿ ಲೇಪಿಸಿ, ಅದು ಪಾರದರ್ಶಕವಾಗುವವರೆಗೆ ಒಣಗಲು ಬಿಡಬೇಕು. ಅನಂತರ ಹಾಳೆಯನ್ನು ಸರಿಯಾಗಿ ಇರಿಸಿ, ಮೇಲೆ ತೆಳು ಬಟ್ಟೆ ಹಾಸಿ, ಮಧ್ಯಮ ಶಾಖದ ಇಸ್ತ್ರಿಪೆಟ್ಟಿಗೆಯಿಂದ ಚಪ್ಪಟೆ ಭಾಗದಿಂದ ಆರಂಭಿಸಿ ಬಾಗಿನ ಕಡೆಗೆ ನಿಧಾನವಾಗಿ ಒತ್ತುತ್ತ ಸಾಗಬೇಕು. ಬಿಸಿ ಆರುವವರೆಗೆ ಮರದ ತುಂಡಿನಿಂದ ಒತ್ತಿ ಹಿಡಿಯಬೇಕು. ಆಮೇಲೆ ಬೆರಳಿನಿಂದ ತಟ್ಟಿ ನೋಡಿದಾಗ ಟೊಳ್ಳು ಶಬ್ದ ಬಂದಲ್ಲಿ ಪುನಃ ಇಸ್ತ್ರಿ ಮಾಡಬೇಕು.

ಕೆಲವು ಬಡಗಿಗಳು ಶೀಘ್ರವಾಗಿ ಹಿಡಿಯುವ ರಬ್ಬರ್ ಅಂಟನ್ನು ಬಳಸುತ್ತಾರೆ. ಅದರ ದ್ರಾವಕದ ಆವಿಯು ಬೇಗನೆ ಹೊತ್ತಿಕೊಳ್ಳುವಂಥದು. ಆದ್ದರಿಂದ ಆ ಕೆಲಸ ನಡೆಯುವಾಗ ಗ್ಯಾಸ್ ಒಲೆ, ದೀಪ, ಬೀಡಿ-ಸಿಗರೇಟು ಮತ್ತು ಇಸ್ತ್ರಿಪೆಟ್ಟಿಗೆಗಳನ್ನು ದೂರವಿಟ್ಟು ಕಿಟಕಿಗಳನ್ನು ತೆರೆದಿಡಬೇಕು. ಮಕ್ಕಳನ್ನು ಬೇರೆ ಕಡೆಗೆ ಕಳುಹಿಸಬೇಕು. ದ್ರಾವಕ ಆರುವಾಗ ಅಂಟಿನ ಮೈ ತಣ್ಣಗಾಗುವುದರಿಂದ ಮಳೆಯ ದಿನಗಳಲ್ಲಿ ಅದರ ಮೇಲೆ ತೇವ ಕೂಡಿ ಹಿಡಿತ ಕುಂದುತ್ತದೆ. ಒಣ ಹವೆಯ ದಿನಗಳೇ ಈ ಕೆಲಸಕ್ಕೆ ಯೋಗ್ಯ.

ಕಪಾಟನ್ನು ತೇವವಿರುವ ಗೋಡೆಗೆ ತಾಗಿಸದೆ ಸ್ವಲ್ಪ ಅಂತರ ಬಿಟ್ಟು ನಿಲ್ಲಿಸಬೇಕು. ವೆನೀರಿನ ಅಂಚು ಮತ್ತು ಜೋಡಣೆಗಳಿಗೆ ವಾರ್ನಿಷ್ ಹಚ್ಚಬೇಕು. ಮಳೆಗಾಲ ಮುಗಿದೊಡನೆ ಎಲ್ಲ ಅಂಚುಗಳನ್ನೂ ಪರೀಕ್ಷಿಸಿ, ಕಿತ್ತ ಭಾಗ ಚಿಕ್ಕದಾಗಿರುವಾಗಲೇ ಸರಿಪಡಿಸಿದರೆ ಕಪಾಟು ಬಹುಕಾಲ ಬಾಳುತ್ತದೆ.